ಗಡಸು ನೀರು, ಹಸಿರು ತೊಟ್ಟಿ, ಪುಟ್ಟ ಸಿಗಡಿ: ಕಾರ್ಬೊನೇಟ್ ಗಡಸುತನ ಇಳಿಸುವ ದಾರಿಗಳ ಹೋಲಿಕೆ

ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಸಂಸಾರ ಮಾಡಿದವರಿಗೆ ಗಡಸುತನ ಎಂದರೇನೆಂದು ಪಾಠ ಹೇಳಬೇಕಾಗಿಲ್ಲ. ಐದು ಸಲ ಕೂಗಿಸಿದರೂ ಕಾಳುಕಾಳಾಗಿಯೇ ಉಳಿಯುವ ತೊಗರಿಬೇಳೆ, ನೊರೆಯೇಳದ ಸೋಪು, ಗೀಸರಿನ ಕಾಯಿಲ್ ಮೇಲೆ ಕಲ್ಲಿನಂತೆ ಕೂತ ಬಿಳಿ ಪೊರೆ ಇವೆಲ್ಲ ಅದರ ಗುರುತುಗಳು. ಅದೇ ನೀರನ್ನು ಗಾಜಿನ ತೊಟ್ಟಿಗೆ ತುಂಬಿ, ಗಿಡ ನೆಟ್ಟು, ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಸಿಗಡಿಗಳನ್ನು ಬಿಟ್ಟವರು ಕೆಲವು ತಿಂಗಳಲ್ಲಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ: ಕೆಎಚ್, ಅಂದರೆ ಕಾರ್ಬೊನೇಟ್ ಗಡಸುತನ ಇಳಿಸಲು ತೊಟ್ಟಿಗೆ ಏನು ಹಾಕಬೇಕು? ನನ್ನ ಅನುಭವದಲ್ಲಿ ಈ ಪ್ರಶ್ನೆಯಲ್ಲೇ ಒಂದು ತಪ್ಪಿದೆ. ತೊಟ್ಟಿಯೊಳಗೆ ಏನನ್ನೋ ಹಾಕಿ ಕಾರ್ಬೊನೇಟ್ ಗಡಸುತನವನ್ನು ಇಳಿಸುವ ದಾರಿಗಳು ಒಂದೋ ನಿಲ್ಲುವುದಿಲ್ಲ, ಇಲ್ಲವೇ ಸಿಗಡಿಯ ಜೀವಕ್ಕೆ ಬರುತ್ತವೆ. ನೀರು ತೊಟ್ಟಿಗೆ ಬೀಳುವ ಮೊದಲೇ ಅದನ್ನು ಬದಲಿಸುವ ದಾರಿಗಳು ಮಾತ್ರ ವರ್ಷಗಟ್ಟಲೆ ಬಾಳುತ್ತವೆ. ಯಾವ ದಾರಿ ಯಾರಿಗೆ ಹೊಂದುತ್ತದೆ ಎಂಬುದನ್ನು ಇಲ್ಲಿ ಒಂದೊಂದಾಗಿ ತೂಗಿ ನೋಡಿದ್ದೇನೆ.

ಮೊದಲು ಎರಡು ಅಂಕಿಗಳು ಕೈಯಲ್ಲಿರಲಿ

ಜಿಎಚ್ ಎಂದರೆ ಒಟ್ಟು ಗಡಸುತನ, ಅಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ. ಕೆಎಚ್ ಎಂದರೆ ಕಾರ್ಬೊನೇಟ್ ಗಡಸುತನ. ಹವ್ಯಾಸಿಗಳ ಕಿಟ್ ಅಳೆಯುವುದು ನಿಜವಾಗಿ ನೀರಿನ ಕ್ಷಾರೀಯತೆಯನ್ನು, ಅಂದರೆ ಮುಖ್ಯವಾಗಿ ಬೈಕಾರ್ಬೊನೇಟನ್ನು. ಎರಡನ್ನೂ ಜರ್ಮನ್ ಡಿಗ್ರಿಗಳಲ್ಲಿ ಹೇಳುವ ರೂಢಿಯಿದೆ. ಒಂದು ಡಿಗ್ರಿ ಎಂದರೆ ಲೀಟರಿಗೆ 17.85 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ಭಾರತೀಯ ಮಾನಕವಾದ ಐಎಸ್ 10500 ಕುಡಿಯುವ ನೀರಿನ ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಎಂಬ ಮಿತಿಯನ್ನಿಟ್ಟು, ಬೇರೆ ನೀರಿನ ಮೂಲವಿಲ್ಲದ ಕಡೆ 600ರವರೆಗೂ ಒಪ್ಪುತ್ತದೆ. ಡಿಗ್ರಿಗೆ ತಿರುಗಿಸಿದರೆ ಅದು ಸುಮಾರು 11ರಿಂದ 34. ಆದ್ದರಿಂದ ‘ಕುಡಿಯಲು ಯೋಗ್ಯ’ ಎಂದು ಪ್ರಯೋಗಾಲಯ ಬರೆದುಕೊಟ್ಟ ಚೀಟಿಯನ್ನು ನಂಬಿ ಸಿಗಡಿ ಸಾಕಲು ಹೊರಡಬಾರದು. ಆ ಚೀಟಿ ಮನುಷ್ಯರಿಗಾಗಿ ಬರೆದದ್ದು.

ಟಿಡಿಎಸ್ ಪೆನ್ನು ಎಲ್ಲರ ಬಳಿಯೂ ಇರುತ್ತದೆ, ಆದರೆ ಅದು ಹೇಳುವುದು ಕರಗಿದ ಲವಣಗಳ ಅಂದಾಜು ಮೊತ್ತವನ್ನೇ ಹೊರತು ಯಾವ ಲವಣ ಎಂಬುದನ್ನಲ್ಲ. 300 ಎಂದು ತೋರಿಸುವ ಎರಡು ನೀರುಗಳಲ್ಲಿ ಒಂದರ ಕೆಎಚ್ 3 ಇದ್ದು ಇನ್ನೊಂದರದು 10 ಇರಬಹುದು. ಹನಿ ಹಾಕಿ ಬಣ್ಣ ನೋಡುವ ಕಿಟ್‌ಗಳನ್ನು ಕೊಳ್ಳಲೇಬೇಕು. ಸಾಮಾನ್ಯವಾಗಿ 5 ಮಿಲಿಲೀಟರ್ ನೀರಿಗೆ ಒಂದು ಹನಿ ಒಂದು ಡಿಗ್ರಿಯನ್ನು ಸೂಚಿಸುತ್ತದೆ. 10 ಮಿಲಿಲೀಟರ್ ತೆಗೆದುಕೊಂಡರೆ ಒಂದು ಹನಿ ಅರ್ಧ ಡಿಗ್ರಿಯಾಗುತ್ತದೆ. ಕೆಎಚ್ ಕಡಿಮೆ ಇರುವ ತೊಟ್ಟಿಗಳಲ್ಲಿ ಈ ಅರ್ಧ ಡಿಗ್ರಿಯೇ ಮುಖ್ಯ.

ಎರಡೂ ಅಂಕಿಗಳು ಬಂದ ಮೇಲೆ ಅವುಗಳ ನಡುವಿನ ಅಂತರವನ್ನು ನೋಡಬೇಕು. ಜಿಎಚ್ ಹೆಚ್ಚಿದ್ದು ಕೆಎಚ್ ಸ್ವಲ್ಪ ಕಡಿಮೆಯಿದ್ದರೆ ಅದು ತೆಳುವಾಗಿಸಲು ಬಗ್ಗುವ ನೀರು. ಕೆಎಚ್ಚೇ ಜಿಎಚ್‌ಗಿಂತ ಹೆಚ್ಚಿದ್ದರೆ ನೀರಿನಲ್ಲಿ ಸೋಡಿಯಂ ಬೈಕಾರ್ಬೊನೇಟ್ ಇದೆ ಎಂದರ್ಥ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಫ್ಲೋರೈಡ್ ಹೆಚ್ಚಿರುವ ಆಳದ ಬೋರ್‌ವೆಲ್‌ಗಳಲ್ಲಿ ಇಂಥ ನೀರು ಸಿಗುವುದುಂಟು. ಅದಕ್ಕೆ ಬೇರೆಯದೇ ಉಪಾಯ ಬೇಕು. ಕರಾವಳಿ ಮತ್ತು ಮಲೆನಾಡಿನ ಜಂಬಿಟ್ಟಿಗೆ ನೆಲದ ತೆರೆದ ಬಾವಿಯ ನೀರನ್ನು ಬಳಸುವವರಿಗೆ ಬಹುಮಟ್ಟಿಗೆ ಈ ಲೇಖನವೇ ಬೇಡ; ಅವರ ನೀರು ಮೆದುವಾಗಿಯೂ ಕೊಂಚ ಆಮ್ಲೀಯವಾಗಿಯೂ ಇದ್ದು, ಕೆಎಚ್ ಏರಿಸುವುದೇ ಅವರ ಚಿಂತೆಯಾಗಿರುತ್ತದೆ.

ಸಿಗಡಿಯ ಆಯ್ಕೆಯೇ ಮೊದಲ ಆಯ್ಕೆ

ಚೆರ್ರಿ ಎಂದು ಮಾರುವ ಕೆಂಪು ಸಿಗಡಿ, ಅದರ ಹಳದಿ, ನೀಲಿ, ಕಿತ್ತಳೆ ಬಣ್ಣದ ತಳಿಗಳು ಎಲ್ಲವೂ ನಿಯೋಕ್ಯಾರಿಡಿನಾ ಡೇವಿಡಿ ಎಂಬ ಒಂದೇ ಪ್ರಭೇದಕ್ಕೆ ಸೇರಿದವು. ಜಿಎಚ್ 6ರಿಂದ 10, ಕೆಎಚ್ 2ರಿಂದ 8, ಪಿಎಚ್ 6.8ರಿಂದ 7.8, ಟಿಡಿಎಸ್ 150ರಿಂದ 300 ಇದ್ದರೆ ಇವು ನೆಮ್ಮದಿಯಾಗಿ ಮರಿ ಮಾಡುತ್ತವೆ. ಕ್ರಿಸ್ಟಲ್ ರೆಡ್, ಬ್ಲ್ಯಾಕ್ ಬೀ ಮೊದಲಾದವು ಕ್ಯಾರಿಡಿನಾ ಕುಲದವು. ಅವುಗಳ ಮೂಲ ದಕ್ಷಿಣ ಚೀನಾದ ಮೆದು ನೀರಿನ ತೊರೆಗಳು. ಅವಕ್ಕೆ ಜಿಎಚ್ 4ರಿಂದ 6, ಕೆಎಚ್ ಸೊನ್ನೆಯಿಂದ ಒಂದು, ಪಿಎಚ್ 5.5ರಿಂದ 6.8, ಜೊತೆಗೆ 24 ಡಿಗ್ರಿ ಸೆಲ್ಸಿಯಸ್ ಮೀರದ ತಂಪು ಬೇಕು. ಏಪ್ರಿಲ್ ತಿಂಗಳಲ್ಲಿ ತೊಟ್ಟಿಯ ನೀರು 29 ಮುಟ್ಟುವ ನಮ್ಮ ಮನೆಗಳಲ್ಲಿ ಚಿಲ್ಲರ್ ಇಲ್ಲದೆ ಇವನ್ನು ಸಾಕುವುದು ಗಡಸುತನದ ಪ್ರಶ್ನೆಗೂ ಮೊದಲೇ ಸೋಲುವ ಆಟ.

ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಸಿಗಡಿಗಳು ಬೆಚ್ಚಗಿನ, ಕ್ಷಾರೀಯ ನೀರನ್ನು ಬಯಸುತ್ತವೆ ಎಂದು ಕೇಳಿ ಕೆಲವರು ‘ನಮ್ಮ ಬೋರ್‌ವೆಲ್ ನೀರಿಗೆ ಇದೇ ಸರಿ’ ಎಂದುಕೊಳ್ಳುತ್ತಾರೆ. ಪಿಎಚ್ 8ರ ಆಸುಪಾಸು ಎಂಬುದೇನೋ ನಿಜ, ಆದರೆ ಆ ಸರೋವರಗಳ ನೀರು ಬಹಳ ನಿರ್ಮಲ, ಲವಣಗಳ ಮೊತ್ತವೂ ಕಡಿಮೆ. ಅದನ್ನು ಅಡ್ಡದಾರಿಯೆಂದು ಹಿಡಿಯಬಾರದು.

ಕೆಎಚ್ 10ಕ್ಕಿಂತ ಹೆಚ್ಚಿರುವ ನೀರಿರುವವರಿಗೆ ನನ್ನ ಸಲಹೆ ನೇರವಾಗಿದೆ: ಮೊದಲ ಎರಡು ವರ್ಷ ಚೆರ್ರಿ ಸಿಗಡಿಯನ್ನೇ ಸಾಕಿರಿ. ಆಗ ಕೆಎಚ್ ಅನ್ನು 14ರಿಂದ 5ಕ್ಕೆ ತಂದರೆ ಸಾಕು. ಕ್ರಿಸ್ಟಲ್ ರೆಡ್ ಬೇಕೆಂದರೆ ಸೊನ್ನೆಗೇ ತರಬೇಕು, ಮತ್ತು ಆ ಸೊನ್ನೆಯಲ್ಲೇ ನಿಲ್ಲಿಸಬೇಕು. ಈ ಎರಡು ಕೆಲಸಗಳ ನಡುವೆ ಖರ್ಚಿನಲ್ಲೂ ಶ್ರಮದಲ್ಲೂ ಅಜಗಜಾಂತರವಿದೆ.

ಸುಲಭವೆನಿಸುವ ದಾರಿಗಳು

ಎಲ್ಲರೂ ಮೊದಲು ಹಿಡಿಯುವುದು ಬಾದಾಮಿ ಎಲೆಯ ದಾರಿಯನ್ನು. ಬೀದಿ ಬದಿಯ ನಾಡು ಬಾದಾಮಿ ಮರದ ಒಣಗಿ ಬಿದ್ದ ಎಲೆಗಳನ್ನು ತೊಟ್ಟಿಗೆ ಹಾಕಿದರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಎಲೆಯ ಮೇಲೆ ಬೆಳೆಯುವ ಲೋಳೆಯನ್ನು ಸಿಗಡಿಗಳು ಮೇಯುತ್ತವೆ, ಮರಿಗಳಿಗೆ ಅಡಗುವ ಜಾಗವಾಗುತ್ತದೆ. ಇಷ್ಟಕ್ಕಾಗಿ ಹಾಕಬಹುದು. ಕೆಎಚ್ 10 ಇರುವ ನೀರಿನ ಪಿಎಚ್ಚನ್ನು ನಾಲ್ಕು ಎಲೆಗಳು ಅಲುಗಿಸಲಾರವು. ಪೀಟ್ (ಜೌಗು ನೆಲದಲ್ಲಿ ಅರೆಕೊಳೆತ ಪಾಚಿ) ನೀರನ್ನು ಮೆದುವಾಗಿಸುತ್ತದೆ ಎಂದು ಪುಸ್ತಕಗಳಲ್ಲಿ ಓದಿ ನರ್ಸರಿಯ ಕೊಕೊಪೀಟ್ ತಂದು ಫಿಲ್ಟರಿಗೆ ತುಂಬುವವರೂ ಇದ್ದಾರೆ. ತೆಂಗಿನ ನಾರಿನ ಪುಡಿ ಪಾಚಿಯ ಪೀಟ್ ಅಲ್ಲ. ಅದರಿಂದ ಗಡಸುತನ ಇಳಿಯುವುದಕ್ಕಿಂತ ಅದರಲ್ಲಿರುವ ಉಪ್ಪು ನೀರಿಗೆ ಇಳಿಯುವುದೇ ಹೆಚ್ಚು.

ಆಸಿಡ್ ದಾರಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅದು ಕೆಲಸ ಮಾಡುತ್ತದೆ, ಅಪಾಯವಿರುವುದೂ ಅಲ್ಲೇ. ಹೈಡ್ರೋಕ್ಲೋರಿಕ್ ಅಥವಾ ಸಲ್ಫ್ಯೂರಿಕ್ ಆಮ್ಲದ ಹನಿಗಳು ಬೈಕಾರ್ಬೊನೇಟನ್ನು ಒಡೆದು ಇಂಗಾಲದ ಡೈಆಕ್ಸೈಡನ್ನು ಬಿಡಿಸುತ್ತವೆ, ಕೆಎಚ್ ಅಷ್ಟರಮಟ್ಟಿಗೆ ಶಾಶ್ವತವಾಗಿ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಡಿಗ್ರಿ ಕೆಎಚ್ ಒಡೆದರೆ ಲೀಟರಿಗೆ ಸುಮಾರು 15.7 ಮಿಲಿಗ್ರಾಂ ಡೈಆಕ್ಸೈಡ್ ಹುಟ್ಟುತ್ತದೆ. ತೊಟ್ಟಿಯೊಳಗೇ ಒಂದೇ ಏಟಿಗೆ ನಾಲ್ಕು ಡಿಗ್ರಿ ಇಳಿಸಿದರೆ 63 ಮಿಲಿಗ್ರಾಂ. ಗಿಡಗಳಿಗಾಗಿ ಸಿಲಿಂಡರಿನಿಂದ ಅನಿಲ ಬಿಡುವವರೂ 30ರ ಆಚೆ ಹೋಗಲು ಹೆದರುತ್ತಾರೆ. ಸಿಗಡಿಯ ತೊಟ್ಟಿಯಲ್ಲಿ 10ರಿಂದ 20ರೊಳಗೆ ನಿಲ್ಲುವುದು ಕ್ಷೇಮ. ಅಂದರೆ ಆಸಿಡ್ ಹಾಕಿದವರ ಸಿಗಡಿಗಳು ಸತ್ತದ್ದು ‘ಪಿಎಚ್ ಏರುಪೇರಿನಿಂದ’ ಎಂದು ಹೇಳುವಾಗ ಅನೇಕ ಸಲ ಅವು ಉಸಿರುಕಟ್ಟಿ ಸತ್ತಿರುತ್ತವೆ. ಮಾಡಲೇಬೇಕೆಂದರೆ ಬೇರೆ ಬಕೆಟ್ಟಿನಲ್ಲಿ ಮಾಡಿ, ಏರ್ ಸ್ಟೋನ್ ಹಾಕಿ ಒಂದು ದಿನವಿಡೀ ಗಾಳಿಯಾಡಿಸಿದ ನಂತರವೇ ಬಳಸಬೇಕು. ಆಗಲೂ ಜಿಎಚ್ ಇಳಿಯುವುದಿಲ್ಲ, ಟಿಡಿಎಸ್ಸೂ ಹೆಚ್ಚೇನೂ ಇಳಿಯುವುದಿಲ್ಲ. ಬೈಕಾರ್ಬೊನೇಟಿನ ಜಾಗಕ್ಕೆ ಕ್ಲೋರೈಡ್ ಅಥವಾ ಸಲ್ಫೇಟ್ ಬಂದಿರುತ್ತದೆ, ಅಷ್ಟೆ. ಬಚ್ಚಲು ತೊಳೆಯುವ ಆಸಿಡ್‌ನಲ್ಲಿ ಏನೇನು ಕಲಬೆರಕೆಯಿದೆ ಎಂದು ಯಾರಿಗೂ ಹೇಳಲಾಗದ ಕಾರಣ ಅದನ್ನು ಮುಟ್ಟಲೇಬಾರದು. ಹುಣಸೆ, ನಿಂಬೆ, ವಿನಿಗರ್‌ನಂಥ ಅಡುಗೆಮನೆಯ ಹುಳಿಗಳ ಕಥೆ ಇನ್ನೂ ವಿಚಿತ್ರ: ಅವು ಅಂದು ಕೆಎಚ್ಚನ್ನು ಇಳಿಸಿದಂತೆ ಕಾಣುತ್ತವೆ, ಆದರೆ ಬ್ಯಾಕ್ಟೀರಿಯಾಗಳು ಆ ಹುಳಿಯನ್ನು ತಿಂದು ಮುಗಿಸುವಷ್ಟರಲ್ಲಿ ಬೈಕಾರ್ಬೊನೇಟ್ ಮರಳಿ ಬಂದಿರುತ್ತದೆ, ನಡುವೆ ನೀರಿನ ಆಮ್ಲಜನಕ ಖರ್ಚಾಗಿರುತ್ತದೆ.

ಅಂಗಡಿಯ ‘ಪಿಎಚ್ ಡೌನ್’ ಬಾಟಲಿಗಳೂ ಆಮ್ಲವೇ. ಕೆಎಚ್ ಉಳಿದಿರುವವರೆಗೆ ಪಿಎಚ್ ಮರುದಿನ ಹಿಂದಿನ ಜಾಗಕ್ಕೇ ಬರುತ್ತದೆ. ಕೆಲವು ಬಾಟಲಿಗಳಲ್ಲಿರುವುದು ಫಾಸ್ಫೇಟ್, ಅದರಿಂದ ಪಾಚಿಗೆ ಹಬ್ಬ.

ಅಪಾರ್ಟ್‌ಮೆಂಟ್‌ಗಳ ಸಾಫ್ಟ್‌ನರ್ ಎಲ್ಲಕ್ಕಿಂತ ಹೆಚ್ಚು ಮೋಸಗೊಳಿಸುವ ಯಂತ್ರ, ಮತ್ತು ನಾನೇ ಅದಕ್ಕೆ ಮೋಸಹೋದವನು. ನಾವು ಬಾಡಿಗೆಗಿದ್ದ ಕಟ್ಟಡದಲ್ಲಿ ಅದನ್ನು ಕೂಡಿಸಿದ ವಾರ ಸೋಪಿನಲ್ಲಿ ನೊರೆ ಬಂತು, ಬೇಳೆ ಬೆಂತು, ‘ಇನ್ನು ನೀರು ಮೆದುವಾಯಿತು’ ಎಂದು ಖುಷಿಯಿಂದ ತೊಟ್ಟಿಯ ನೀರನ್ನು ಬದಲಿಸಿದೆ. ಒಂದು ತಿಂಗಳೊಳಗೆ ಚಿಪ್ಪು ಕಳಚುವಾಗ ಬೆನ್ನಿನ ಮೇಲೆ ಬಿಳಿ ಉಂಗುರದಂತೆ ಸೀಳು ಬಿಟ್ಟು, ಅರ್ಧ ಹೊರಬಂದು ಸತ್ತ ಸಿಗಡಿಗಳನ್ನು ದಿನಕ್ಕೊಂದರಂತೆ ತೆಗೆದೆ. ಸಾಫ್ಟ್‌ನರ್ ಮಾಡುವುದಿಷ್ಟೇ: ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಜಿಎಚ್ ಸೊನ್ನೆಗೆ ಬರುತ್ತದೆ, ಕೆಎಚ್ ಇದ್ದಲ್ಲೇ ಇರುತ್ತದೆ. ಸಿಗಡಿಗೆ ಬೇಕಾದದ್ದನ್ನು ತೆಗೆದು ಬೇಡವಾದದ್ದನ್ನು ಉಳಿಸಿಕೊಡುವ ಯಂತ್ರವದು. ಸಾಫ್ಟ್‌ನರ್ ಇರುವ ಕಟ್ಟಡದಲ್ಲಿರುವವರು ಅದಕ್ಕೂ ಮೊದಲಿನ ಕೊಳಾಯಿಯಿಂದ ಕಚ್ಚಾ ನೀರು ಸಿಗುತ್ತದೆಯೇ ಎಂದು ನೋಡಿಕೊಳ್ಳುವುದು ಒಳಿತು.

ಕುದಿಸಿದರೆ ತಾತ್ಕಾಲಿಕ ಗಡಸುತನ ಹೋಗುತ್ತದೆ ಎಂದು ಶಾಲೆಯಲ್ಲಿ ಕಲಿತದ್ದು ಸರಿಯೇ. ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕೆ ಕೂತು ಕೆಎಚ್ ಮತ್ತು ಜಿಎಚ್ ಜೊತೆಜೊತೆಯಾಗಿ ಇಳಿಯುತ್ತವೆ. ಐದು ಲೀಟರಿನ ಪುಟ್ಟ ತೊಟ್ಟಿಗೆ ಪರವಾಗಿಲ್ಲ. ಅದಕ್ಕಿಂತ ದೊಡ್ಡದಕ್ಕೆ ಗ್ಯಾಸಿನ ಖರ್ಚು ಒಪ್ಪುವುದಿಲ್ಲ.

ಆರ್‌ಒ: ಪೂರ್ತಿಯೋ, ಬೆರಕೆಯೋ

ಒಳ್ಳೆಯ ಸ್ಥಿತಿಯಲ್ಲಿರುವ ಆರ್‌ಒ ಪೊರೆ ಕರಗಿದ ಲವಣಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚನ್ನು ತಡೆಯುತ್ತದೆ. ನಗರದ ಬೋರ್‌ವೆಲ್‌ಗಳಲ್ಲಿ ಕಾಣುವ ನೈಟ್ರೇಟ್, ಕೋಲಾರದ ಕಡೆಯ ಫ್ಲೋರೈಡ್ ಕೂಡ ಇದರಿಂದಲೇ ಬಹುಪಾಲು ಹೋಗುತ್ತವೆ. ಈ ನೀರನ್ನು ಬಳಸಲು ಎರಡು ವಿಧಾನಗಳಿವೆ.

ಮೊದಲನೆಯದು ಪೂರ್ತಿ ಆರ್‌ಒ ನೀರಿಗೆ ಲವಣಗಳನ್ನು ನಾವೇ ಸೇರಿಸುವುದು. ಸಿಗಡಿಗೆಂದೇ ಮಾರುವ ಎರಡು ಬಗೆಯ ಪುಡಿಗಳಿವೆ: ಜಿಎಚ್ ಮಾತ್ರ ಏರಿಸುವುದು ಕ್ರಿಸ್ಟಲ್ ರೆಡ್‌ಗೆ, ಜಿಎಚ್ ಕೆಎಚ್ ಎರಡನ್ನೂ ಏರಿಸುವುದು ಚೆರ್ರಿಗೆ. ಡಬ್ಬಿಯನ್ನು ಅದಲುಬದಲು ಮಾಡಿ ಕೊಂಡವರು ಕಡಿಮೆಯಿಲ್ಲ. ಮನೆಯಲ್ಲೇ ತೂಗಿ ಹಾಕುವವರಿಗೆ ಲೆಕ್ಕ ಹೀಗಿದೆ. 100 ಲೀಟರಿಗೆ ಒಂದು ಡಿಗ್ರಿ ಜಿಎಚ್ ಏರಿಸಲು ಶುದ್ಧ ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್) 3.1 ಗ್ರಾಂ ಅಥವಾ ಎಪ್ಸಮ್ ಸಾಲ್ಟ್ (ಮೆಗ್ನೀಷಿಯಂ ಸಲ್ಫೇಟ್) 4.4 ಗ್ರಾಂ ಬೇಕು. ಒಂದು ಡಿಗ್ರಿ ಕೆಎಚ್ ಏರಿಸಲು ಅಡುಗೆ ಸೋಡಾ 3 ಗ್ರಾಂ ಅಥವಾ ಪೊಟ್ಯಾಸಿಯಂ ಬೈಕಾರ್ಬೊನೇಟ್ 3.6 ಗ್ರಾಂ. ಚೆರ್ರಿಗೆ ಜಿಎಚ್ 6 ಬೇಕೆಂದರೆ ನಾಲ್ಕು ಡಿಗ್ರಿ ಜಿಪ್ಸಮ್‌ನಿಂದ, ಎರಡು ಡಿಗ್ರಿ ಎಪ್ಸಮ್‌ನಿಂದ ಬರಲಿ, ಅಂದರೆ 100 ಲೀಟರಿಗೆ 12.4 ಗ್ರಾಂ ಮತ್ತು 8.8 ಗ್ರಾಂ. ಜಿಪ್ಸಮ್ ನಿಧಾನವಾಗಿ ಕರಗುವುದರಿಂದ ಹಿಂದಿನ ರಾತ್ರಿಯೇ ಬಕೆಟ್ಟಿಗೆ ಹಾಕಿ ಪಂಪ್ ಓಡಿಸಿಡಬೇಕು. ಗೊಬ್ಬರದ ಅಂಗಡಿಯ ಜಿಪ್ಸಮ್ ಹೊಲಕ್ಕೆ ಸರಿ, ತೊಟ್ಟಿಗೆ ಬೇಡ.

ಎರಡನೆಯದು ಬೆರಕೆ, ಮತ್ತು ಹೆಚ್ಚಿನವರಿಗೆ ನಾನು ಒಪ್ಪಿಸುವುದು ಇದನ್ನೇ. ಬೋರ್‌ವೆಲ್ ನೀರಿನ ಜಿಎಚ್ 18, ಕೆಎಚ್ 14, ಟಿಡಿಎಸ್ 720 ಇದೆ, ಆರ್‌ಒ ನೀರಿನದು ಕ್ರಮವಾಗಿ 1, 1, 40 ಇದೆ ಎಂದುಕೊಳ್ಳಿ. ಒಂದು ಪಾಲು ಬೋರ್‌ವೆಲ್ ನೀರಿಗೆ ಎರಡು ಪಾಲು ಆರ್‌ಒ ಬೆರೆಸಿದರೆ ಜಿಎಚ್ 6.7, ಕೆಎಚ್ 5.3, ಟಿಡಿಎಸ್ ಸುಮಾರು 267. ಚೆರ್ರಿ ಸಿಗಡಿ ಕೇಳುವುದು ಹೆಚ್ಚುಕಡಿಮೆ ಇದನ್ನೇ. ಯಾವ ಪುಡಿಯನ್ನೂ ಕೊಳ್ಳಬೇಕಾಗಿಲ್ಲ, ತಕ್ಕಡಿ ಬೇಕಾಗಿಲ್ಲ, ಅಳತೆಗೆ ಒಂದು ಚೊಂಬು ಸಾಕು. ಕೆಎಚ್ಚೇ ಜಿಎಚ್‌ಗಿಂತ ಹೆಚ್ಚಿರುವ ನೀರಿನಲ್ಲಿ ಮಾತ್ರ ಈ ಚೊಂಬಿನ ಲೆಕ್ಕ ಕೈಕೊಡುತ್ತದೆ: ಕೆಎಚ್ 16, ಜಿಎಚ್ 8 ಇರುವ ನೀರನ್ನು ಹಾಗೆಯೇ ಬೆರೆಸಿದರೆ ಕೆಎಚ್ 6ಕ್ಕೆ ಬಂದಾಗ ಜಿಎಚ್ ಮೂರರ ಹತ್ತಿರಕ್ಕೆ ಕುಸಿದಿರುತ್ತದೆ. ಅಂಥವರು ಬೆರಕೆಯ ಮೇಲೆ ಮೂರು ಡಿಗ್ರಿಯಷ್ಟು ಜಿಪ್ಸಮ್, ಎಪ್ಸಮ್ ಸೇರಿಸಿಕೊಳ್ಳಬೇಕು, ಇಲ್ಲವೇ ಪೂರ್ತಿ ಆರ್‌ಒಗೆ ಹೋಗಬೇಕು. ಟ್ಯಾಂಕರ್ ನೀರನ್ನು ನಂಬಿದ ಮನೆಗಳಲ್ಲೂ ಪೂರ್ತಿ ಆರ್‌ಒ ವಾಸಿ. 2024ರ ಬೇಸಿಗೆಯಲ್ಲಿ ನೀರಿಗೆ ಪರದಾಡಿದಾಗ ನಮ್ಮ ಸಂಪಿಗೆ ಬಂದ ಒಂದೊಂದು ಲೋಡಿನ ಗುಣವೂ ಒಂದೊಂದಾಗಿತ್ತು. ಬೆರಕೆಯ ಪ್ರಮಾಣವನ್ನು ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕಬೇಕಾಯಿತು.

ಅಡುಗೆಮನೆಯ ಆರ್‌ಒ ಯಂತ್ರವನ್ನು ಬಳಸುವ ಮೊದಲು ಎರಡು ಸಂಗತಿಗಳನ್ನು ನೋಡಿಕೊಳ್ಳಿ. ಬಹಳಷ್ಟು ಯಂತ್ರಗಳಲ್ಲಿ ರುಚಿಗಾಗಿ ಕಚ್ಚಾ ನೀರನ್ನು ಸ್ವಲ್ಪ ಬೆರೆಸುವ ಟಿಡಿಎಸ್ ಕಂಟ್ರೋಲರ್ ಇರುತ್ತದೆ, ಅದರಿಂದ ಹೊರಬರುವ ನೀರಿನ ಟಿಡಿಎಸ್ 100 ದಾಟಿರಬಹುದು. ಬೆರಕೆ ಮಾಡುವವರಿಗೆ ಅದೇನೂ ತೊಂದರೆಯಲ್ಲ, ಲೆಕ್ಕದಲ್ಲಿ ಸೇರಿಸಿಕೊಂಡರಾಯಿತು. ಎರಡನೆಯದು ಗಂಭೀರವಾದದ್ದು: ಆರೋಗ್ಯಕ್ಕೆ ಒಳ್ಳೆಯದೆಂದು ನೀರಿಗೆ ತಾಮ್ರ ಸೇರಿಸುವ ಕಾರ್ಟ್ರಿಜ್ ಇರುವ ಯಂತ್ರಗಳು ಈಗ ಮನೆಮನೆಯಲ್ಲೂ ಇವೆ. ತಾಮ್ರ ಸಿಗಡಿಗೆ ವಿಷ. ಸರ್ವಿಸ್‌ಗೆ ಬಂದವರಿಗೆ ಹೇಳಿ, ಪೊರೆಯಾದ ತಕ್ಷಣ, ಕಾರ್ಟ್ರಿಜ್‌ಗೆ ಮೊದಲು ಒಂದು ಟಿ ಆಕಾರದ ಕವಲು ಜೋಡಿಸಿ ನೀರು ತೆಗೆದುಕೊಳ್ಳಬೇಕು. ತೊಟ್ಟಿಯ ನೀರನ್ನು ತಾಮ್ರದ ಹಂಡೆಯಲ್ಲಿ ತುಂಬಿಡುವುದಂತೂ ಸಲ್ಲದು. ಏಸಿಯಿಂದ ಹನಿಯುವ ನೀರು ಮೆದುವೇ ಆದರೂ ಅದು ತಾಮ್ರದ ಕೊಳವೆಗಳ ಮೇಲೆ ಇಳಿದು ಬಂದದ್ದು ಎಂಬುದನ್ನು ಮರೆಯಬಾರದು.

ಆರ್‌ಒ ಬಗ್ಗೆ ಇರುವ ದೊಡ್ಡ ಆಕ್ಷೇಪ ಅದು ಹೊರಗೆ ಚೆಲ್ಲುವ ನೀರು. ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಹೋಗುತ್ತದೆ. ಆದರೆ 60 ಲೀಟರಿನ ತೊಟ್ಟಿಯಲ್ಲಿ ವಾರಕ್ಕೆ ಹತ್ತನೇ ಒಂದು ಭಾಗ ನೀರು ಬದಲಿಸುವವರಿಗೆ, ಬೆರಕೆಯ ವಿಧಾನದಲ್ಲಿ, ಬೇಕಾಗುವುದು ನಾಲ್ಕು ಲೀಟರ್ ಆರ್‌ಒ ನೀರು. ಹೊರಹೋಗುವ ಎಂಟರಿಂದ ಹನ್ನೆರಡು ಲೀಟರ್ ನೆಲ ಒರೆಸಲು ಬಳಸಿದರೆ ಮುಗಿಯಿತು. ಅಪಾರ್ಟ್‌ಮೆಂಟಿನ ಬಾಲ್ಕನಿ ಗಿಡಗಳಿಗೆ ಅದನ್ನು ಸುರಿಯುತ್ತಾ ಹೋದರೆ ಮಾತ್ರ ಕುಂಡದ ಮಣ್ಣಿನ ಮೇಲೆ ಉಪ್ಪು ಹೂಬಿಡುತ್ತದೆ. ಮನೆಯಲ್ಲಿ ಯಂತ್ರವಿಲ್ಲದವರು ನಾಣ್ಯ ಹಾಕಿದರೆ 20 ಲೀಟರ್ ಕೊಡುವ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಕೊಂಡು ಬರಬಹುದು. ಪ್ರತಿ ಸಲವೂ ಪೆನ್ನು ಅದ್ದಿ ನೋಡಬೇಕು, ಅಲ್ಲಿನ ಪೊರೆ ಯಾವಾಗ ಹಳೆಯದಾಗುತ್ತದೆಂದು ನಮಗೆ ತಿಳಿಯುವುದಿಲ್ಲ.

ಕಾವೇರಿ ನೀರು ಬರುವ ಬಡಾವಣೆಗಳಲ್ಲಿರುವವರ ಅದೃಷ್ಟವೇ ಬೇರೆ. ತೊರೆಕಾಡನಹಳ್ಳಿಯ ಶುದ್ಧೀಕರಣ ಘಟಕದಿಂದ ಬರುವ ನದಿ ನೀರು ಬೋರ್‌ವೆಲ್ ನೀರಿಗಿಂತ ಬಹಳ ಮೆದು. ಕ್ಲೋರಿನ್ ತೆಗೆದರೆ ಚೆರ್ರಿ ಸಿಗಡಿಗೆ ಹಾಗೆಯೇ ಒಗ್ಗುವುದುಂಟು. ಐದನೇ ಹಂತದ ಯೋಜನೆ 2024ರ ಅಕ್ಟೋಬರಿನಲ್ಲಿ ಚಾಲನೆಗೊಂಡ ಮೇಲೆ ನಗರದಂಚಿನ 110 ಹಳ್ಳಿಗಳ ಪ್ರದೇಶಕ್ಕೂ ಈ ನೀರು ಸಿಗುವಂತಾಗಿದೆ. ಆದರೆ ಸಂಪಿನಲ್ಲಿ ಕಾವೇರಿ ಮತ್ತು ಬೋರ್‌ವೆಲ್ ಎರಡೂ ಸೇರುವ ಮನೆಗಳಲ್ಲಿ ನೀರಿನ ಗುಣ ದಿನದಿಂದ ದಿನಕ್ಕೆ ಬದಲಾಗುತ್ತದೆ. ಕಾವೇರಿ ಬಂದ ದಿನ, ಸಂಪಿಗೆ ಬೀಳುವ ಮುನ್ನವೇ, ನಲ್ಲಿಯಿಂದ ನೇರವಾಗಿ ಡ್ರಮ್ ತುಂಬಿಟ್ಟುಕೊಳ್ಳಿ.

ಮಳೆನೀರು

ಮಳೆನೀರನ್ನು ನಾನು ಆರ್‌ಒಗಿಂತ ಮೇಲೆ ಇಡುತ್ತಿದ್ದೆ, ಅದು ವರ್ಷವಿಡೀ ಬರುವಂತಿದ್ದರೆ. ಕೆಎಚ್ ಸೊನ್ನೆಯ ಹತ್ತಿರ, ಖರ್ಚಿಲ್ಲ, ಚೆಲ್ಲುವುದೇನೂ ಇಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಮೂವತ್ತು-ನಲವತ್ತರ ನಿವೇಶನದ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಸಾವಿರ ಲೀಟರ್ ಮೀರುತ್ತದೆ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಿದ್ದರಿಂದ ಎಷ್ಟೋ ಮನೆಗಳಲ್ಲಿ ಪೈಪು, ಫಿಲ್ಟರ್ ಈಗಾಗಲೇ ಇವೆ.

ತೊಡಕಿರುವುದು ತಾರಸಿಯಲ್ಲಿ. ಸಿಮೆಂಟು, ಸುಣ್ಣದ ಗಾರೆ, ಸೆಕೆ ತಡೆಯಲೆಂದು ಬಳಿದ ಬಿಳಿ ಸುಣ್ಣ ಇವುಗಳ ಮೇಲೆ ಹರಿದ ಮಳೆನೀರು ಕೆಎಚ್ಚನ್ನು ಹೊತ್ತುಕೊಂಡೇ ಕೆಳಗಿಳಿಯುತ್ತದೆ. ಸಿಮೆಂಟಿನ ಸಂಪಿನಲ್ಲಿ ನಿಂತರೆ ಇನ್ನಷ್ಟು. ಪಾಲಿಕಾರ್ಬೊನೇಟ್ ಶೀಟಿನ ಮೇಲೆ ಬಿದ್ದದ್ದನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ಹಿಡಿಯುವುದು ಉತ್ತಮ. ಋತುವಿನ ಮೊದಲ ಎರಡು ಮೂರು ಮಳೆಗಳನ್ನು, ಆಮೇಲೆ ಪ್ರತಿ ಮಳೆಯ ಮೊದಲ ಹತ್ತು ನಿಮಿಷವನ್ನು ಹರಿಯಲು ಬಿಡಬೇಕು. ತಾರಸಿ ತೋಟಕ್ಕೆ ಕೀಟನಾಶಕ ಸಿಂಪಡಿಸುವ ಮನೆಯಾದರೆ ಮಳೆನೀರಿನ ಆಸೆಯನ್ನೇ ಬಿಡಬೇಕು, ಏಕೆಂದರೆ ಕೀಟಕ್ಕೆ ಮುಳುವಾದದ್ದು ಸಿಗಡಿಗೂ ಮುಳುವೇ. ಬೆಳಕು ತಾಗದಂತೆ, ಸೊಳ್ಳೆ ಹೋಗದಂತೆ ಮುಚ್ಚಿಟ್ಟ 200 ಲೀಟರಿನ ಎರಡು ಡ್ರಮ್‌ಗಳು 60 ಲೀಟರಿನ ತೊಟ್ಟಿಗೆ ಬೇಸಿಗೆಯವರೆಗೂ ಬರುತ್ತವೆ. ಬೆರಕೆಯ ಪ್ರಮಾಣ ಆರ್‌ಒ ನೀರಿನದ್ದೇ.

ಆಕ್ಟಿವ್ ಸಾಯಿಲ್

ಜಪಾನಿನಿಂದ ರೂಢಿಗೆ ಬಂದ, ಸುಟ್ಟ ಗುಳಿಗೆಗಳಂತಿರುವ ಈ ತಳದ ಮಣ್ಣು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಹಿಡಿದುಕೊಂಡು ಬದಲಿಗೆ ಆಮ್ಲೀಯ ಅಯಾನುಗಳನ್ನು ಬಿಡುವುದರಿಂದ ಕೆಎಚ್ ಕರಗಿ ಪಿಎಚ್ ಆರರ ಆಸುಪಾಸಿಗೆ ಬರುತ್ತದೆ. ತೊಟ್ಟಿಯೊಳಗೆ ಕುಳಿತು ಕೆಎಚ್ ಇಳಿಸುವ ಪದಾರ್ಥಗಳಲ್ಲಿ ನಿಜಕ್ಕೂ ಕೆಲಸ ಮಾಡುವುದು ಇದೊಂದೇ. ಆದರೆ ಇದರ ಶಕ್ತಿ ಬ್ಯಾಂಕಿನ ಠೇವಣಿಯಿದ್ದಂತೆ. ಆರ್‌ಒ ನೀರು ಹಾಕುವವರಲ್ಲಿ ಒಂದೂವರೆ ಎರಡು ವರ್ಷ ಬಾಳುವ ಮಣ್ಣು, ಗಡಸು ನೀರು ಸುರಿಯುವವರಲ್ಲಿ ಕೆಲವೇ ತಿಂಗಳಲ್ಲಿ ಸೋತು ಸಾದಾ ಜಲ್ಲಿಯಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ನಡುವಿನ ಕಾಲ: ನೀರು ಬದಲಿಸಿದ ದಿನ ಕೆಎಚ್ 8, ಐದನೇ ದಿನ 3, ಮತ್ತೆ ನೀರು ಬದಲಿಸಿದಾಗ 5. ಈ ಉಯ್ಯಾಲೆಯನ್ನು ಸಿಗಡಿಗಳು ತಾಳಲಾರವು. ಸ್ಥಿರವಾದ ಕೆಎಚ್ 8 ಅವಕ್ಕೆ ಇದಕ್ಕಿಂತ ಎಷ್ಟೋ ಮೇಲು.

ಆದ್ದರಿಂದ ಆಕ್ಟಿವ್ ಸಾಯಿಲನ್ನು ಗಡಸು ನೀರಿಗೆ ಮದ್ದೆಂದು ಕೊಳ್ಳಬಾರದು. ಆರ್‌ಒ ನೀರು, ಜಿಎಚ್ ಮಾತ್ರ ಏರಿಸುವ ಪುಡಿ, ಕ್ರಿಸ್ಟಲ್ ರೆಡ್ ಈ ಮೂರೂ ಕೂಡಿದಲ್ಲಿ ಮಾತ್ರ ಅದಕ್ಕೆ ಅರ್ಥವಿದೆ. ಹೊಸದರಲ್ಲಿ ಅಮೋನಿಯಾ ಬಿಡುವ ಕಾರಣ ಸಿಗಡಿ ಬಿಡುವ ಮುನ್ನ ಒಂದೂವರೆ ತಿಂಗಳಾದರೂ ಕಾಯಬೇಕಾಗುತ್ತದೆ. ಚೆರ್ರಿಗೆ ತೊಳೆದ ಹೊಳೆಮರಳು ಸಾಕು, ಅದರಲ್ಲಿ ಕಪ್ಪೆಚಿಪ್ಪಿನ ಚೂರುಗಳಿಲ್ಲದಿದ್ದರೆ.

ಗಿಡಗಳು ಏನನ್ನುತ್ತವೆ

ಕೆಎಚ್ ಹೆಚ್ಚಿದ್ದರೆ ಗಿಡ ಬೆಳೆಯುವುದಿಲ್ಲ ಎಂಬ ಮಾತು ಅರ್ಧ ಸತ್ಯ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಹಾರ್ನ್‌ವರ್ಟ್ ಬೈಕಾರ್ಬೊನೇಟಿನಿಂದಲೇ ಇಂಗಾಲವನ್ನು ಹೀರಬಲ್ಲವು. ಹಾಗೆ ಹೀರುವಾಗ ಕೆಎಚ್ ತುಸು ಇಳಿದು ಎಲೆಗಳ ಮೇಲೆ ಬಿಳಿ ಪುಡಿ ಕೂರುತ್ತದೆ. ಅನುಬಿಯಾಸ್, ಜಾವಾ ಫರ್ನ್, ಹೆಚ್ಚಿನ ಕ್ರಿಪ್ಟೊಕೊರೈನ್‌ಗಳು ಗಡಸು ನೀರಿಗೆ ಮುಖ ಸಿಂಡರಿಸುವುದಿಲ್ಲ. ಎರಿಯೊಕಾಲಾನ್, ಟೋನಿನಾ, ರೊಟಾಲಾ ವಾಲಿಚಿಯಂಥವು ಮಾತ್ರ ಕೆಎಚ್ ಎರಡರೊಳಗೆ ಇಲ್ಲದಿದ್ದರೆ ತುದಿ ಮುರುಟಿಕೊಳ್ಳುತ್ತವೆ. ಚೆರ್ರಿ ಸಿಗಡಿಯನ್ನು ಆರಿಸಿಕೊಂಡವರು ಈ ಗಿಡಗಳ ಆಸೆಯನ್ನು ಬಿಟ್ಟರೆ ಜಗಳವೇ ಇಲ್ಲ.

ಅನಿಲ ಬಿಡುವವರಿಗೆ ಒಂದು ಸೂತ್ರವಿದೆ: ಲೀಟರಿಗೆ ಇಷ್ಟು ಮಿಲಿಗ್ರಾಂ ಡೈಆಕ್ಸೈಡ್ ಎಂಬುದು ಕೆಎಚ್ ಮತ್ತು ಪಿಎಚ್‌ಗಳಿಂದ ಅಂದಾಜಾಗುತ್ತದೆ. ಸಿಗಡಿಗೆ ಕ್ಷೇಮವಾದ 15 ಮಿಲಿಗ್ರಾಂ ಮಟ್ಟದಲ್ಲಿ ಕೆಎಚ್ 14 ಇದ್ದರೆ ಪಿಎಚ್ 7.4ರ ಮೇಲೆ, ಕೆಎಚ್ 5 ಇದ್ದರೆ 7.0, ಕೆಎಚ್ 1 ಇದ್ದರೆ 6.3. ಗಡಸು ನೀರಿನ ತೊಟ್ಟಿಯಲ್ಲಿ ಪಿಎಚ್ 6.6 ನೋಡಲೇಬೇಕೆಂದು ಅನಿಲದ ಗುಂಡಿ ತಿರುಗಿಸುತ್ತಾ ಹೋಗುವವರು ಸಿಗಡಿಗಳನ್ನು ಕೊಲ್ಲುವುದು ಈ ಲೆಕ್ಕ ಗೊತ್ತಿಲ್ಲದೆ. ಗೊಬ್ಬರದ ವಿಷಯದಲ್ಲಿ ಇನ್ನೊಂದು: ಅಗ್ಗದ ಪುಡಿಗಳಲ್ಲಿ ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲಿ ಹಿಡಿದಿಡಲು ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ, ಈ ಇಡಿಟಿಎ ಕಬ್ಬಿಣ ಪಿಎಚ್ 6.5 ದಾಟಿದ ನೀರಿನಲ್ಲಿ ಬೇಗ ನಿಷ್ಪ್ರಯೋಜಕವಾಗುತ್ತದೆ. ಚಿಗುರು ಬಿಳಿಚಿಕೊಂಡಿದ್ದರೆ ಪ್ರಮಾಣ ಹೆಚ್ಚಿಸುವ ಬದಲು ಅಂಥದ್ದೇ ಇನ್ನೊಂದು ರಾಸಾಯನಿಕವಾದ ಡಿಟಿಪಿಎ ರೂಪದ ಕಬ್ಬಿಣಕ್ಕೆ ಬದಲಾಯಿಸಬೇಕು.

ಕಣ್ಣಿಗೆ ಕಾಣದೆ ಕೆಎಚ್ ಏರಿಸುವವು

ಆರ್‌ಒ ಬೆರೆಸಿದರೂ ಕೆಎಚ್ ಏರುತ್ತಲೇ ಇದೆ ಎನ್ನುವವರ ತೊಟ್ಟಿಯಲ್ಲಿ ಮೊದಲು ಕಲ್ಲನ್ನು ನೋಡಬೇಕು. ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ಅಡುಗೆಕಟ್ಟೆಗೆ ಹಾಸುವ ಕರಿ ಕಡಪ ಕಲ್ಲು ಕೂಡ ಸುಣ್ಣದ ಕಲ್ಲೇ, ಬಣ್ಣ ನೋಡಿ ಸ್ಲೇಟೆಂದು ಮೋಸಹೋಗುವವರು ಬಹಳ. ಅಂಗಡಿಯಲ್ಲಿ ದುಬಾರಿ ಬೆಲೆಗೆ ಸಿಗುವ ಸೇರ್ಯು ಕಲ್ಲೂ ಕೆಎಚ್ ಏರಿಸುತ್ತದೆ. ಸಾದರಹಳ್ಳಿ ಕಲ್ಲು, ಅಂದರೆ ನಮ್ಮ ಗ್ರಾನೈಟ್, ನಿರುಪದ್ರವಿ. ಕಲ್ಲಿನ ಮೇಲೆ ದುರ್ಬಲಗೊಳಿಸಿದ ಆಮ್ಲದ ಒಂದು ಹನಿ ಹಾಕಿ, ಗುಳ್ಳೆ ಎದ್ದರೆ ಅದನ್ನು ಹೊರಗಿಡಿ.

ಕಲ್ಲಿಗಿಂತ ದೊಡ್ಡ ಕಳ್ಳ ಆವಿ. ಆವಿಯಾಗುವಾಗ ನೀರು ಮಾತ್ರ ಹೋಗುತ್ತದೆ, ಲವಣಗಳು ತೊಟ್ಟಿಯಲ್ಲೇ ಉಳಿಯುತ್ತವೆ. ಬೇಸಿಗೆಯಲ್ಲಿ ತೊಟ್ಟಿಯನ್ನು ತಂಪಾಗಿಸಲು ಫ್ಯಾನ್ ಹಚ್ಚಿದಾಗ 60 ಲೀಟರಿನ ತೊಟ್ಟಿಯಿಂದ ದಿನಕ್ಕೆ ಒಂದು ಲೀಟರ್ ಹೋಯಿತೆನ್ನಿ. ಅದನ್ನು ಕೆಎಚ್ 14ರ ಬೋರ್‌ವೆಲ್ ನೀರಿನಿಂದ ತುಂಬುತ್ತಾ ಬಂದರೆ ವಾರಕ್ಕೆ 1.6 ಡಿಗ್ರಿ, ತಿಂಗಳಿಗೆ ಆರಕ್ಕೂ ಹೆಚ್ಚು ಡಿಗ್ರಿ ಕೆಎಚ್ ಸೇರುತ್ತದೆ. ಆವಿಯಾದದ್ದನ್ನು ತುಂಬಲು ಬರಿಯ ಆರ್‌ಒ ಅಥವಾ ಮಳೆನೀರು, ವಾರದ ಬದಲಾವಣೆಗೆ ಬೆರಕೆ ನೀರು: ಈ ಎರಡನ್ನು ಬೇರೆ ಬೇರೆ ಕ್ಯಾನ್‌ಗಳಲ್ಲಿಟ್ಟು ಮೇಲೆ ಬರೆದಿಡುವುದು ನನ್ನ ಅಭ್ಯಾಸ, ಇಲ್ಲದಿದ್ದರೆ ಮನೆಯವರು ಅದಲುಬದಲು ಮಾಡುತ್ತಾರೆ.

ಹಳೆಯ ತೊಟ್ಟಿಯನ್ನು ಬದಲಿಸುವ ಬಗೆ

ಈಗಾಗಲೇ ಕೆಎಚ್ 14ರಲ್ಲಿ ಸಿಗಡಿಗಳು ಬದುಕಿರುವ ತೊಟ್ಟಿಯನ್ನು ಒಂದೇ ದಿನದಲ್ಲಿ ಸರಿಪಡಿಸಲು ಹೋಗಬಾರದು. ಟಿಡಿಎಸ್ ಒಮ್ಮೆಗೇ ಕುಸಿದರೆ ಸಿಗಡಿಗಳು ಅಕಾಲದಲ್ಲಿ ಚಿಪ್ಪು ಕಳಚಲು ತೊಡಗುತ್ತವೆ, ಮೊಟ್ಟೆ ಹೊತ್ತ ಹೆಣ್ಣುಗಳು ಮೊಟ್ಟೆಗಳನ್ನೂ ಚಿಪ್ಪಿನೊಂದಿಗೆ ಕಳೆದುಕೊಳ್ಳುತ್ತವೆ. ವಾರಕ್ಕೆ ಹತ್ತನೇ ಒಂದು ಭಾಗವನ್ನು ಕೆಎಚ್ 5ರ ಬೆರಕೆ ನೀರಿನಿಂದ ಬದಲಿಸಿದರೆ ಹತ್ತು ವಾರಗಳ ಕೊನೆಗೆ ಕೆಎಚ್ ಸುಮಾರು 8ಕ್ಕೆ ಬರುತ್ತದೆ. ಶೇಕಡಾ 15ರಷ್ಟು ಬದಲಿಸಿದರೆ ಅದೇ ಅವಧಿಯಲ್ಲಿ 7ರ ಕೆಳಗೆ. ಹೊಸ ನೀರನ್ನು ಸುರಿಯದೆ, ಗಾಳಿಯ ಕೊಳವೆಗೆ ಗಂಟು ಹಾಕಿ ಹನಿಹನಿಯಾಗಿ ಒಂದು ಗಂಟೆಯಲ್ಲಿ ಇಳಿಸಬೇಕು. ಜೂನ್ ಮೊದಲ ವಾರ ಶುರುಮಾಡಿದರೆ ತೊಟ್ಟಿಯೂ ತಂಪಾಗಿರುತ್ತದೆ, ಡ್ರಮ್ಮಿನಲ್ಲಿ ಮಳೆನೀರೂ ಇರುತ್ತದೆ, ಗೌರಿ ಹಬ್ಬದ ಹೊತ್ತಿಗೆ ಕಿಟ್‌ನ ಏಳನೇ ಹನಿಯಲ್ಲೇ ನೀಲಿ ಬಣ್ಣ ಹಳದಿಗೆ ತಿರುಗುವುದನ್ನು ನೋಡಬಹುದು.